ಪಕ್ಕದ ಕೋಣೆಯ ಚಿತ್ರಪಾಠ

ಬೇಕರಿಯವನ ಕೇಕು ಬಾಯಲ್ಲಿಟ್ಟರೆ ಕರಗುತ್ತಿತ್ತು. ಅದರ ಮೇಲೆ ಅವನು ಕ್ರೀಮಿನಲ್ಲಿ ಬಿಡಿಸುವ ಗುಲಾಬಿ ಮಾತ್ರ ಎಲೆಕೋಸಿನಂತಿರುತ್ತಿತ್ತು. ಮೊದಲೆಲ್ಲ ಹೂ ಬಿಡಿಸುತ್ತಿದ್ದವನು ಅವನ ಅಣ್ಣ. ಜಗಳವಾಡಿಕೊಂಡು ಅಣ್ಣ ಬೇಕರಿ ಬಿಟ್ಟ ಮೇಲೆ ಆ ಕೆಲಸ ತಮ್ಮನ ತಲೆಗೆ ಬಿತ್ತು.

"ಗಿರಾಕಿಗಳು ಮುಸಿಮುಸಿ ನಗ್ತಾರೆ ಕಣ್ರೀ. ಹೋಗಿ ಡ್ರಾಯಿಂಗ್ ಆದ್ರೂ ಕಲ್ತ್ಕೊಂಡು ಬನ್ನಿ," ಎಂದು ಹೆಂಡತಿ ಅವನನ್ನು ಡ್ರಾಯಿಂಗ್ ಕ್ಲಾಸು ನಡೆಯುವ ಗ್ರಂಥಾಲಯದ ಮಹಡಿಗೆ ಅಟ್ಟಿದಳು.

ಮಹಡಿಯಲ್ಲಿ ಅಕ್ಕಪಕ್ಕ ಎರಡು ಕೋಣೆ. ಎರಡರಿಂದಲೂ ಬಣ್ಣದ ವಾಸನೆ. ಅವನು ಮೊದಲನೆಯದಕ್ಕೆ ನುಗ್ಗಿದ. ಅಲ್ಲಿದ್ದ ಮೇಡಂ ಹಾಳೆ ಕೊಟ್ಟು, "ಮನಸ್ಸಿಗೆ ಬಂದದ್ದು ಬಿಡ್ಸಿ," ಎಂದರು. ಅವನು ಗುಲಾಬಿ ಬಿಡಿಸಿ ತೋರಿಸಿದ.

"ಹೇಗಿದೆ ಮೇಡಂ?"

"ನಿಮಗೇನನ್ಸುತ್ತೆ?"

"ಕೋಸು ಅನ್ಸುತ್ತೆ. ತಿದ್ದಿ ಕೊಡಿ."

ಮೇಡಂ ನಕ್ಕರು. "ತಿದ್ದೋ ಮೇಷ್ಟ್ರು ಪಕ್ಕದ ಕೋಣೇಲಿದ್ದಾರೆ. ಅಲ್ಲಿ ಚಿತ್ರ ಚೆನ್ನಾಗಿ ಬರ್ಬೇಕು. ಇಲ್ಲಿ ನಡೆಯೋದು ಚಿತ್ರ ಚಿಕಿತ್ಸೆ. ಚಿತ್ರ ಹೇಗಾದ್ರೂ ಬರ್ಲಿ, ಬಿಡ್ಸಿದೋರ ಮನಸ್ಸು ಹಗುರಾದ್ರೆ ಸಾಕು. ಬಂದಿದ್ದೀರಲ್ಲ, ಇನ್ನೊಂದು ಹಾಳೆ ಕೊಡ್ಲಾ?"

ಚಿಕಿತ್ಸೆ ಎಂದೊಡನೆ ಅವನಿಗೆ ಕಾಲಿಗೆ ಬುದ್ಧಿ ಹೇಳುವ ಮನಸ್ಸಾಯಿತು. ಆದರೆ ತಪ್ಪು ಹಿಡಿಯುವವರಿಲ್ಲವೆಂಬ ಧೈರ್ಯಕ್ಕೆ ಕೂತ. ಕೈ ತಾನಾಗಿ ಬೇಕರಿಯ ಒಲೆ ಬರೆಯಿತು. ಒಲೆಯ ಈಚೆಗೊಬ್ಬ ಗಿಡ್ಡ, ಆಚೆಗೊಬ್ಬ ಉದ್ದನೆಯವ, ಬೆನ್ನು ತಿರುಗಿಸಿಕೊಂಡು.

"ಈ ಉದ್ದನೆಯೋರು ಯಾಕೆ ಆ ಕಡೆ ನೋಡ್ತಿದ್ದಾರೆ?" ಮೇಡಂ ಮೆಲ್ಲಗೆ ಕೇಳಿದರು.

"ನಮ್ಮಣ್ಣ. ನಿನ್ನ ಹೂವು ಯಾರ ಹೊಟ್ಟೆ ತುಂಬ್ಸುತ್ತೆ ಅಂದ್ಬಿಟ್ಟಿದ್ದೆ..." ಅವನು ಪೆನ್ಸಿಲ್ ಕೆಳಗಿಟ್ಟ. ಆಮೇಲೆ ಕಟ್ಟೆಯೊಡೆದಂತೆ ಮಾತು ಬಂತು. ಮೇಡಂ ಬುದ್ಧಿ ಹೇಳಲಿಲ್ಲ, ಹೂಂಗುಟ್ಟುತ್ತ ಕೇಳಿಸಿಕೊಂಡರು.

ಮೆಟ್ಟಿಲಿಳಿಯುತ್ತಲೇ ಅಣ್ಣನಿಗೆ ಫೋನ್ ಮಾಡಿದ. "ಅವತ್ತು ಹಾಗನ್ನಬಾರ್ದಿತ್ತು ಅಣ್ಣ."

ಆ ಕಡೆಯಿಂದ, "ಊಟ ಆಯ್ತೇನೋ?" ಎಂಬ ದನಿ ಬಂತು.

ಮುಂದಿನ ವಾರ ಬೇಕರಿಯವನು ಸರಿಯಾದ ಕೋಣೆಗೇ ಹೋದ. ಮೇಷ್ಟ್ರು ಕನ್ನಡಕ ಏರಿಸಿ, "ದಳ ನಡುವಿಂದ ಶುರುವಾಗ್ಬೇಕು. ಅಳ್ಸಿ, ಮತ್ತೆ ಬಿಡ್ಸಿ," ಎಂದರು. ಹಾಳೆ ಹರಿಯುವಷ್ಟು ಸಲ ಅಳಿಸಿದ. ಬೈಸಿಕೊಂಡರೂ ಖುಷಿಯಾಗಿತ್ತು, ಕೈಗೆ ದಳ ಹತ್ತುತ್ತಿತ್ತು.

"ಭಾವ ಬರ್ತೀನಿ ಅಂದಿದ್ದಾರಲ್ಲ, ಇನ್ಯಾಕೆ ಕ್ಲಾಸು?" ಎಂದಳು ಹೆಂಡತಿ.

"ಅವ್ನು ಬರೋದು ಭಾನುವಾರ ಮಾತ್ರ ಕಣೇ. ಉಳಿದ ದಿನ ನಾನೇ ತಾನೆ?"

ಭಾನುವಾರ ಅಣ್ಣ ಬಂದು, ಏನೂ ಆಗಿಲ್ಲವೆಂಬಂತೆ ಏಪ್ರನ್ ಕಟ್ಟಿಕೊಂಡ. ಹೆಂಡತಿ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಅಣ್ಣತಮ್ಮಂದಿರು ಒಂದೇ ಕೇಕಿನ ಮೇಲೆ ಬಗ್ಗಿ, ಕ್ರೀಮಿಗೆ ಸಕ್ಕರೆ ಹೆಚ್ಚಾಯಿತೆಂದು ಒಬ್ಬ, ಸಾಲದೆಂದು ಒಬ್ಬ ವಾದಕ್ಕಿಳಿದಿದ್ದರು. ಅವಳು ನಗುತ್ತ ಗಾಜಿನ ಕಪಾಟು ಒರೆಸತೊಡಗಿದಳು.