ಮುಳ್ಳಿಲ್ಲದ ಬೋರ್ಡು

ಹೊಸ ಅಂಗಡಿಯ ಬೋರ್ಡಿನ ಮೇಲೆ ಬರೆಸುವ ಗಡಿಯಾರದಲ್ಲಿ ಗಂಟೆ ಎಷ್ಟಾಗಿರಬೇಕು ಎಂಬ ಗಹನವಾದ ಪ್ರಶ್ನೆ ಆ ಮನೆಯ ಮೂರು ಭಾನುವಾರಗಳನ್ನು ನುಂಗಿತ್ತು. ಗಡಿಯಾರ ರಿಪೇರಿಯವನು ಜಾಹೀರಾತುಗಳಲ್ಲಿರುವಂತೆ ಹತ್ತೂ ಹತ್ತು ಎಂದ. ಹೆಂಡತಿ ಒಂಬತ್ತು ಎಂದಳು. ಅಂಗಡಿ ತೆರೆಯುವ ಹೊತ್ತು ಅದು. ಬೋರ್ಡು ಬರೆಯುವವನು ಬೇಸತ್ತು, ಮುಳ್ಳೊಂದು ಬಿಟ್ಟು ಮಿಕ್ಕದ್ದೆಲ್ಲ ಬರೆದು ಕಳಿಸಿಬಿಟ್ಟಿದ್ದ. "ನಿಮ್ಮಿಬ್ಬರಲ್ಲಿ ಇತ್ಯರ್ಥ ಆದ್ಮೇಲೆ ಕರೀರಿ."

ಇಪ್ಪತ್ತೆರಡು ವರ್ಷ ಯಜಮಾನರ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವನು ಅವನು. ಈಗ ಸ್ವಂತಕ್ಕೆ ಮಳಿಗೆ ಗೊತ್ತಾಗಿತ್ತು. ಬ್ಯಾಂಕಿನ ಸಾಲದ ಕಾಗದಕ್ಕೆ ಸಹಿಯೊಂದು ಬಾಕಿ. ಅದಕ್ಕೆ ಮುಂಚೆ ವಕೀಲರನ್ನು ಒಂದು ಮಾತು ಕೇಳಿದ್ದೇ ತಪ್ಪಾಯಿತು.

"ದಿವಾಳಿ ಆದ್ರೂ ನಿನ್ನ ಕಸುಬಿನ ಸಾಮಾನು ಯಾರೂ ಮುಟ್ಟಂಗಿಲ್ಲ ಕಣಯ್ಯ. ಚಿಮಟ, ಭೂತಗನ್ನಡಿ ಎಲ್ಲ ನಿನ್ನದೇ. ಮನೆ ಮಾತ್ರ ಹೋಗುತ್ತೆ."

"ಮತ್ತೆ ಕೂತು ರಿಪೇರಿ ಮಾಡೋದೆಲ್ಲಿ ಸ್ವಾಮಿ?"

"ಅದನ್ನ ಕಾನೂನು ಹೇಳಿಲ್ಲ. ಸೇತುವೆ ದಾಟಿದ್ರೆ ಪಕ್ಕದ ರಾಜ್ಯ, ಕಾನೂನೇ ಬೇರೆ, ವಾಸದ ಮನೆ ಮುಟ್ಟಲ್ಲ. ಇದನ್ನ ಮಾರಿ ಅಲ್ಲೊಂದು ಮನೆ ತಗೋ, ಅಲ್ಲೇ ಅಂಗಡಿ ಇಡು. ನಿಶ್ಚಿಂತೆ."

ಹೆಂಡತಿ ಕೇಳಿ ನಕ್ಕಳು. "ಅಂಗಡಿ ತೆಗೆಯೋಕೆ ಮುಂಚೇನೇ ದಿವಾಳಿ ಎದ್ದು ಬಂದ್ರಾ? ಭೇಷ್! ಸೇತುವೆ ಆಚೆ ಏನು ಹುಲಿ ಇದೆಯಾ? ಹೋಗೋಣ ನಡೀರಿ."

ಅಷ್ಟರಲ್ಲಿ ಒಳಕೋಣೆಯಿಂದ ಅವನ ತಾಯಿ ಬಂದರು. ಕಣ್ಣು ಹೋಗಿ ಒಂಬತ್ತು ವರ್ಷ. ಬಲಗೈ ಗೋಡೆ ಸವರುತ್ತ ಬರುತ್ತಿತ್ತು: ಬಾಗಿಲ ಚೌಕಟ್ಟು, ಬೀರುವಿನ ಅಂಚು, ಗಾರೆ ಕಿತ್ತ ಜಾಗ, ಆಮೇಲೆ ಬಚ್ಚಲು. ಆ ದಾರಿಯಲ್ಲಿ ಅವರಿಗೆ ಯಾರ ಹಂಗೂ ಇರಲಿಲ್ಲ. ಇವತ್ತು ಗಾರೆ ಕಿತ್ತ ಜಾಗದಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ತಗಡು ಸಿಕ್ಕಿತು. ನಿಂತರು.

"ಗೋಡೆ ಎಲ್ಲೋ ಮಗಾ?"

"ಬೋರ್ಡಮ್ಮ ಅದು. ತೆಗೀತೀನಿ ಇರು."

"ನಮ್ಮಂಗಡೀದಾ?" ತಾಯಿ ಅಂಗೈಯಗಲ ಮಾಡಿ ಬಣ್ಣವನ್ನು ಸವರಿದರು. "ಇರ್ಲಿ ಬಿಡೋ, ಚೆನ್ನಾಗಿದೆ. ಎರಡು ದಿನ ಆದ್ರೆ ನಂಗೂ ರೂಢಿ ಆಗುತ್ತೆ."

ಹಾಗೆಂದು ಒಂದು ಹೆಜ್ಜೆ ಇಟ್ಟರು. ಬೋರ್ಡು ಮುಗಿದಲ್ಲಿ ಗೋಡೆ ಒಂದು ಗೇಣು ಹಿಂದಿತ್ತು. ಕೈ ಅದನ್ನು ಹುಡುಕುತ್ತ ಗಾಳಿಯಲ್ಲೇ ನಿಂತಿತು. ಅವನು ಹೆಂಡತಿಯ ಮುಖ ನೋಡಿದ. ಎಲ್ಲದಕ್ಕೂ ಮಾತಿದ್ದ ಹೆಂಡತಿ ಮಡಿಸಿಟ್ಟ ಬಟ್ಟೆಯನ್ನೇ ಮತ್ತೆ ಮಡಿಸತೊಡಗಿದಳು. ಅವನು ಹೋಗಿ ಆ ಕೈ ಹಿಡಿದು ಗೋಡೆಗೆ ಮುಟ್ಟಿಸಿದ.

ಬೋರ್ಡು ಅಟ್ಟ ಸೇರಿತು. ಮನೆ ಮಾರುವ ಮಾತು ಮತ್ತೆ ಬರಲಿಲ್ಲ. ಸಾಲದ ಕಾಗದ ಸಹಿಯಿಲ್ಲದೆ ವಾಪಸಾಯಿತು. ಸೋಮವಾರ ಒಂಬತ್ತಕ್ಕೆ ಅವನು ಯಜಮಾನರ ಅಂಗಡಿಯ ಬಾಗಿಲಲ್ಲಿದ್ದ.