ಮೊದಲ ಇಪ್ಪತ್ತು ನಿಮಿಷ

ಹೆಂಡತಿ ಮೂರನೇ ಸಲ ಡ್ರಾಯರ್ ಎಳೆದು ತಡಕಾಡಿದಳು. ಬಾಚಣಿಗೆ ಇರಲಿಲ್ಲ. ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಬಾಚಣಿಗೆಯಿಲ್ಲದೆ ಹೊಸ್ತಿಲು ದಾಟದಿದ್ದ ಮನುಷ್ಯ, ಈಗ ಹಜಾರದಲ್ಲಿ ತಲೆ ಕೆದರಿಕೊಂಡು ಮಲಗಿದ್ದ.

"ನನ್ನದು ತಗೊಳ್ಳಿ ಅತ್ತಿಗೆ. ಸ್ಮಶಾನದ ಗಾಡಿ ಬರೋ ಹೊತ್ತಾಯ್ತು," ಎಂದ ಮೈದುನ.

"ನಿನ್ನ ಬೋಳು ತಲೆಗೆ ಬಾಚಣಿಗೆ ಬೇರೆ ಕೇಡು," ಎಂದು ಅವಳು ಅಳುತ್ತಲೇ ನಕ್ಕಳು. "ನನಗೆ ಅವರದೇ ಬೇಕು."

ಅಷ್ಟರಲ್ಲಿ ಗೇಟು ದಡಾರನೆ ತೆರೆಯಿತು. ಗಂಡ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಡಾಕ್ಟರಮ್ಮ ಏದುಸಿರು ಬಿಡುತ್ತಾ ಓಡಿಬಂದರು. ಕಂಕುಳಲ್ಲಿ ಕಾಗದದ ದಪ್ಪ ಸುರುಳಿ.

ಮೈದುನ ಅಡ್ಡ ನಿಂತ. "ಅಣ್ಣನ್ನ ಫೈಲ್ ರೂಮಿಗೆ ತಳ್ಳಿದವರು ನೀವೇ ಅಲ್ವಾ?"

"ನಾನೇ. ದಮ್ಮಯ್ಯ, ಒಳಗೆ ಬಿಡಿ. ಈಗ ಹೇಳದಿದ್ರೆ ನನ್ನ ಎದೆ ಒಡೆದುಹೋಗುತ್ತೆ."

\*

ಹೆದರಿಕೆ, ಖಿನ್ನತೆಯಿಂದ ನರಳುವವರ ತಲೆಗೆ ಹತ್ತೊಂಬತ್ತು ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ಕಾಗದಕ್ಕಿಳಿಸುವುದು ಗಂಡನ ಕೆಲಸವಾಗಿತ್ತು. ಹೊಸದಾಗಿ ಮದುವೆಯಾದಾಗ ಆ ಹತ್ತೊಂಬತ್ತು ಜಾಗಗಳನ್ನು ಕಲಿತದ್ದೇ ಹೆಂಡತಿಯ ತಲೆಯ ಮೇಲೆ.

ತಂತಿಯೆಲ್ಲ ಅಂಟಿಸಿದ ಮೇಲೆಯೇ ಯಂತ್ರ ಹಾಕಬೇಕು, ಅದು ನಿಯಮ. ಇವನು ಎರಡು ತಂತಿ ಅಂಟಿಸುತ್ತಲೇ ಹಾಕಿಬಿಡುತ್ತಿದ್ದ. ಆಮೇಲೆ ಕೂದಲನ್ನು ಮೆಲ್ಲಗೆ ಬಾಚಿ ಬೈತಲೆ ತೆಗೆಯುತ್ತಾ, "ಬೆಳಗ್ಗೆ ಏನ್ ತಿಂದ್ರಿ?" ಎಂದು ಮಾತಿಗೆಳೆಯುವುದು. ಸ್ಟಿಯರಿಂಗ್ ಮುಟ್ಟಿದರೆ ನಡುಗುತ್ತಿದ್ದ ಬಸ್ ಡ್ರೈವರ್ ಅವನ ಕುರ್ಚಿಯಲ್ಲಿ ತೂಕಡಿಸಿದ್ದ.

"ಕೊನೇಲಿ ಟಪ್ ಅಂತ ಹಾಕಿದ್ರೆ ಬೆಚ್ಚಿಬೀಳ್ತಾರೆ ಮೇಡಂ," ಎಂದು ಅವನು ಡಾಕ್ಟರಮ್ಮನಿಗೆ ಹೇಳಿದ್ದ.

"ನಮಗೆ ಬೇಕಾಗಿರೋದೇ ಅವರ ಆತಂಕ ಕಣ್ರೀ! ನೀವು ಅದನ್ನೇ ಬಾಚಿ ತೆಗೀತಿದ್ದೀರಿ. ನಲವತ್ತೊಂದು ಜನರ ದಾಖಲೆ ಹಾಳು!" ಎಂದು ರೇಗಿ ಅವರು ಅವನನ್ನು ಫೈಲ್ ರೂಮಿಗೆ ಹಾಕಿದ್ದರು.

ಅಂದು ಮನೆಗೆ ಬಂದವನು, "ಎಲ್ಲಾ ಹಾಳು ಮಾಡ್ಬಿಟ್ಟೆ ಕಣೇ," ಎಂದ. ಆಮೇಲಿನ ಮೂರು ವರ್ಷ ಉಂಡ, ನಕ್ಕ, ಫೈಲುಗಳ ಧೂಳು ಕೊಡವಿದ. ಆ ಕೊರಗು ಮಾತ್ರ ಹೋಗಲಿಲ್ಲ. ಅವಳಿಗೂ ಹೋಗಿರಲಿಲ್ಲ.

\*

ಡಾಕ್ಟರಮ್ಮ ನೆಲದ ಮೇಲೇ ಸುರುಳಿ ಬಿಚ್ಚಿದರು. ದುಃಖದ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಬಾರದು ಎಂಬ ಪರಿವೆಯೂ ಅವರಿಗಿರಲಿಲ್ಲ.

"ಬಾಚುವಾಗ ಗೀಟು ಎಗರುತ್ತೆ, ಅದು ಬಿಡಿ. ಕೈ ನಿಂತ ಕಡೆ ನೋಡಿ. ಇಲ್ಲಿ ಶುರುವಲ್ಲಿ ಅಲೆ ಒತ್ತೊತ್ತಾಗಿ, ಚೂಪುಚೂಪಾಗಿದೆ. ಇಪ್ಪತ್ತನೇ ನಿಮಿಷಕ್ಕೆ ಬನ್ನಿ, ಎಷ್ಟು ನಿಧಾನ! ಹೆದರಿಕೆ ಇಳಿಯೋದನ್ನ ಇವರು ಹೆಜ್ಜೆಹೆಜ್ಜೆಗೂ ಹಿಡಿದಿಟ್ಟಿದ್ದಾರೆ. ಮೂವತ್ನಾಲ್ಕು ಜನಕ್ಕೆ ಹೀಗೇ! ಇಳಿಯದ ಏಳು ಜನ ಯಾರು ಗೊತ್ತಾ? ಆಮೇಲೆ ಯಾವ ಔಷಧಿಗೂ ಜಗ್ಗದವರು. ಅಂಥವರನ್ನ ಇನ್ಮೇಲೆ ಮೊದಲ ದಿನವೇ ಗುರುತಿಸಬಹುದೇನೋ!"

"ಹಾಗಾದ್ರೆ... ಅವರು ಹಾಳು ಮಾಡಿರಲಿಲ್ವಾ?" ಎಂದಳು ಹೆಂಡತಿ.

"ಹಾಳು ಮಾಡಿದ್ದು ನಾನು. ಮೊನ್ನೆ ಸಂಜೆ ಗೊತ್ತಾಯ್ತು. ಹೇಳೋಣ ಅಂತ ನಿನ್ನೆ ಬೆಳಗ್ಗೆ ಫೈಲ್ ರೂಮಿಗೆ ಓಡಿದೆ. ಕುರ್ಚಿ ಖಾಲಿಯಿತ್ತು, ರಾತ್ರಿಯೇ ಹೋಗಿಬಿಟ್ರಂತೆ. ಮೇಜಿನ ಮೇಲೆ ಇದಿತ್ತು."

ಡಾಕ್ಟರಮ್ಮ ಚೀಲದಿಂದ ಬಾಚಣಿಗೆ ತೆಗೆದರು.

ಹೆಂಡತಿ ಅದನ್ನು ತೆಗೆದುಕೊಂಡು ಗಂಡನ ತಲೆಯ ಬಳಿ ಕೂತಳು. ಅವಳ ಮುಖ ಕೆಂಪಗಾಗಿತ್ತು, ಮೂರು ವರ್ಷದಲ್ಲಿ ಮೊದಲ ಸಲ ಹಿಗ್ಗಿನಿಂದ.

"ನನಗ್ಯಾಕೆ ಹೇಳ್ತೀರಿ? ಅವರಿಗೆ ಹೇಳಿ. ಮೊದಲಿಂದ ಹೇಳಿ."

ಡಾಕ್ಟರಮ್ಮ ಇನ್ನೊಂದು ಪಕ್ಕದಲ್ಲಿ ಕೂತು ಕಾಗದವನ್ನು ಮತ್ತೆ ಮೊದಲಿಗೆ ಸುತ್ತಿದರು. ಹೊರಗೆ ಗಾಡಿ ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಮೈದುನ ಗೇಟಿನ ತನಕ ಹೋಗಿ, "ಎಂಜಿನ್ ಆಫ್ ಮಾಡಪ್ಪಾ, ಹೊತ್ತಾಗುತ್ತೆ," ಎಂದು ಹೇಳಿ ಬಂದ.

ಬಾಚಣಿಗೆ ಹಣೆಯ ಮೇಲೆ ಒಂದು ಕಡೆ ನಿಂತಿತು. ಕೂದಲು ಸರಿಸಿ, ಅಲ್ಲಿ ಬೆರಳೊತ್ತಿ, ಮುಂದಕ್ಕೆ ಹೋಗಿ ಇನ್ನೊಂದು ಕಡೆ ನಿಂತಿತು. ಹತ್ತೊಂಬತ್ತರಲ್ಲಿ ಇನ್ನೂ ಹದಿನೇಳು ಬಾಕಿಯಿದ್ದವು.