ಹಳೆ ಟ್ರ್ಯಾಕ್ಟರಿನ ಹಿಂದೆ ಅರ್ಧ ಡ್ರಮ್ಮು

"ಇಳಿ ಕೆಳಗ! ಇಳೀತಿಯೋ ಇಲ್ಲೋ? ಇನ್ನೊಮ್ಮೆ ಆ ಟ್ರ್ಯಾಕ್ಟರ್ ಹಿಂದ ನಿಂತಿ ಅಂದ್ರ ನಿನ್ನ ಕಾಲು ನಾನೇ ಮುರೀತೀನಿ!"

ಹಸೀನಾ ಹಾಕಿದ ಕೂಗಿಗೆ ಧಾರಾವಿಯ ಆ ಗಲ್ಲಿಯ ಎರಡೂ ಬದಿಯ ಬಾಗಿಲುಗಳು ತೆರೆದವು.

"ಒದರಬ್ಯಾಡ ಆಪಾ, ಏನೂ ಆಗಿಲ್ಲ," ಅಂದ ಅವಳ ತಮ್ಮ ದಾನಿಶ. ಒಮ್ಮೆ ಬಿದ್ದು, ಎದ್ದು, ಮತ್ತೆ ಟ್ರ್ಯಾಕ್ಟರಿನ ಹಿಂದಿನ ಕಬ್ಬಿಣದ ಮೇಲೆ ಹತ್ತಿ ನಿಂತಿದ್ದ. ಮೊಣಕೈ ತರಚಿ ರಕ್ತ ಇಳಿಯುತ್ತಿತ್ತು.

"ಏನೂ ಆಗಿಲ್ಲಾ? ಹಿಂದಿನ ಗಾಲಿ ಮ್ಯಾಲೆದ್ದಿತ್ತು! ಅದು ಧಪ್ಪಂತ ಇಳಿದದ್ದು ಎಲ್ಲಿ, ನೀ ಬಿದ್ದದ್ದು ಎಲ್ಲಿ, ನೋಡು! ನಡುವ ನನ್ನ ಅಂಗೈಯಷ್ಟು ಜಾಗ ಇಲ್ಲ!"

ಡ್ರೈವರ್ ಸೀಟಿನಲ್ಲಿದ್ದ ಅವಳ ಗಂಡ ಜಹಾಂಗೀರ ಹಣೆ ಒರೆಸಿಕೊಂಡ. "ಹಿಂದ ಮಂದಿ ನಿಲ್ಲದಿದ್ರ ಮುಂದಿನ ಬಕೆಟ್ ಎತ್ತಾಕ ಆಗಂಗಿಲ್ಲ ಹಸೀನಾ. ಎಲ್ಲಾರೂ ಹಿಂಗ ಮಾಡ್ತಾರ. ಗಾಡಿ ವಿಷಯ ನಿನಗೇನು ತಿಳೀತೈತಿ?"

ಅವನು ಹೇಳಿದ್ದರಲ್ಲಿ ಒಂದು ಮಾತು ಮಾತ್ರ ನಿಜ. ಎಲ್ಲರೂ ಹಾಗೇ ಮಾಡುತ್ತಾರೆ.

ಜಹಾಂಗೀರ ವಿಜಯಪುರದ ಕಡೆಯವನು. ವಸಾಯಿಯ ಒಂದು ನರ್ಸರಿಯಿಂದ ಈ ಸಣ್ಣ ಟ್ರ್ಯಾಕ್ಟರ್ ತಂದು ಇನ್ನೂ ತಿಂಗಳಾಗಿರಲಿಲ್ಲ. ಹಳೆಯದು, ಬಣ್ಣ ಹೋದದ್ದು. ಆದರೆ ಮುಂದೆ ಲೋಡರ್ ಇತ್ತು. ಮಣ್ಣು, ಕಲ್ಲು ಎತ್ತುವ ಬಕೆಟ್ಟು. ದೊಡ್ಡ ಜೆಸಿಬಿ ಮೂತಿ ಸಹ ತೂರಿಸಲಾಗದ ಗಲ್ಲಿಗೆ ಇದು ಸಲೀಸಾಗಿ ನುಗ್ಗುತ್ತಿತ್ತು. ಗಲ್ಲಿ ಪಕ್ಕದ ಕೊಳಚೆ ನಾಲಾದಿಂದ ತೆಗೆದ ಹೂಳು, ಬಿದ್ದ ಗೋಡೆಯ ಕಲ್ಲುಮಣ್ಣು ಎಲ್ಲ ಗಲ್ಲಿಯಲ್ಲೇ ಗುಡ್ಡೆ ಬಿದ್ದಿತ್ತು. ಅದನ್ನು ಮೇನ್ ರೋಡಿನಲ್ಲಿ ನಿಲ್ಲುವ ಲಾರಿಗೆ ಸಾಗಿಸುವ ಕೆಲಸವನ್ನು ಗುತ್ತಿಗೆ ಕೆಲಸ ಹಂಚುವ ಮುಕಾದಮ ಸುಹಾಸ ಇವನಿಗೆ ಕೊಟ್ಟಿದ್ದ. ಮಳೆಗೆ ಮುಂಚೆ ಮುಗಿಯಬೇಕು. ಬಕೆಟ್ ಬಾಯಿತನಕ ತುಂಬಿದರೆ ಹಿಂದಿನ ಗಾಲಿ ಏಳುತ್ತಿತ್ತು. ಅದಕ್ಕೇ ದಾನಿಶ ಮತ್ತು ಇನ್ನಿಬ್ಬರು ತೂಕಕ್ಕೆಂದು ಹಿಂದೆ ನಿಲ್ಲುತ್ತಿದ್ದರು.

ಹಸೀನಾ ಸೀದಾ ಹೋಗಿ ಟ್ರ್ಯಾಕ್ಟರಿನ ಕೀಲಿ ಕಿತ್ತುಕೊಂಡಳು. "ನನ್ನ ತಮ್ಮ ಹಿಂದ ನಿಲ್ಲದಂಗ ಈ ಗಾಡಿ ದುಡೀಬೇಕು. ಇಲ್ಲಾಂದ್ರ ಗುಜರಿಗೆ ಹಾಕ್ತೀನಿ. ಗುಜರಿ ಅಂಗಡಿ ಇಲ್ಲಿ ಹೆಜ್ಜೆಗೊಂದು ಅದಾವ!"

ಅಷ್ಟು ಹೇಳಿ ಮಾಟುಂಗಕ್ಕೆ ಹೊರಟೇಬಿಟ್ಟಳು. ಅಲ್ಲಿನ ಹೊಟೇಲುಗಳಿಗೆ ಅವಳು ಏಪ್ರನ್ ಹೊಲಿದು ಕೊಡುತ್ತಾಳೆ. ಅದೇ ಹೊಟೇಲುಗಳ ಗ್ರೈಂಡರ್ ರಿಪೇರಿ ಮಾಡುವ ಚೆನ್ನಯ ಅವಳಿಗೆ ಗುರುತು. ಉಡುಪಿ ಕಡೆಯವನು. ಮುಂಬೈಗೆ ಬರುವ ಮೊದಲು ಹತ್ತು ವರ್ಷ ಟ್ರ್ಯಾಕ್ಟರ್ ಗ್ಯಾರೇಜಿನಲ್ಲೇ ಇದ್ದವನು.

ಅವಳ ಜೊತೆ ಚೆನ್ನಯ ಬಂದು ಟ್ರ್ಯಾಕ್ಟರಿಗೆ ಒಂದು ಸುತ್ತು ಹಾಕಿದ. ಬಾಗಿ ನೋಡಿದ. ಮುಂದಿನ ಟಯರಿಗೆ ಕಾಲಿನಿಂದ ಒತ್ತಿದ. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಒಳ್ಳೆ ಗಾಡಿ ಮಾರಾಯ. ನಡೆಸುವವರಿಗೇ ತಲೆ ಇಲ್ಲ."

ಜಹಾಂಗೀರನಿಗೆ ಸಿಟ್ಟು ಬಂತು. "ನಿಮ್ಮ ಗ್ರೈಂಡರ್ ಅಲ್ರೀ ಇದು."

"ಹೌದು. ಗ್ರೈಂಡರ್ ಮಗುಚಿದರೆ ಹಿಟ್ಟು ಚೆಲ್ಲುತ್ತದೆ. ಇದು ಮಗುಚಿದರೆ?" ಚೆನ್ನಯ ಹಸೀನಾ ಕಡೆ ತಿರುಗಿದ. "ಅಕ್ಕಾ, ತುಂಬಿದ ಕೊಡ ಎಡಗಡೆ ಸೊಂಟದಲ್ಲಿಟ್ಟರೆ ನೀವು ಯಾವ ಕಡೆ ವಾಲುತ್ತೀರಿ?"

"ಬಲಕ್ಕ."

"ಯಾಕೆ?"

"ಇಲ್ಲಾಂದ್ರ ಕೊಡದ ಜೋಡಿ ನಾನೂ ಬೀಳ್ತೀನಿ."

"ಅಷ್ಟೇ! ಟ್ರ್ಯಾಕ್ಟರಿಗೆ ವಾಲಲಿಕ್ಕೆ ಬರುವುದಿಲ್ಲ. ಮುಂದೆ ಭಾರ ಎತ್ತಿದರೆ ಹಿಂದೆ ನಾವೇ ಭಾರ ಕಟ್ಟಬೇಕು."

"ಅದಕ್ಕೇ ಅಲ್ಲೇನು ಮೂರು ಮಂದಿ ನಿಲ್ಲಿಸಿದ್ದು?" ಅಂದ ಜಹಾಂಗೀರ. "ಮಂದಿ ತೂಕ ತೂಕ ಅಲ್ಲೇನು?"

"ಮಂದಿ ಜಾರುತ್ತಾರೆ ಮಾರಾಯ! ಕೈ ಬೆವರುತ್ತದೆ, ಗಾಡಿ ಕುಲುಕುತ್ತದೆ. ಬಿದ್ದರೆ ಹಿಂದಿನ ಚಕ್ರ ಪಕ್ಕದಲ್ಲೇ ಉಂಟು. ಇನ್ನೊಂದು ಕೇಳು. ನಿನ್ನ ಗಾಡಿಗೆ ಬ್ರೇಕ್ ಎಲ್ಲುಂಟು?"

"ಹಿಂದಿನ ಗಾಲಿಗೆ."

"ಮುಂದಿನ ಚಕ್ರಕ್ಕೆ?"

"ಇಲ್ಲ."

"ಹಾಗಾದರೆ ಹಿಂದಿನ ಚಕ್ರ ನೆಲ ಬಿಟ್ಟಾಗ ನೀನು ಬ್ರೇಕಿನ ಮೇಲೆ ಕುಣಿದರೂ ಗಾಡಿ ನಿಲ್ಲುತ್ತದಾ?"

ಗಲ್ಲಿಯ ಕೊನೆಯಲ್ಲಿ ಮಕ್ಕಳು ಆಡುತ್ತಿದ್ದರು. ಜಹಾಂಗೀರನ ಕಣ್ಣು ಅತ್ತ ಹೋಯಿತು. ಹಸೀನಾಳ ಕಣ್ಣೂ ಹೋಯಿತು.

ಅವನು ಮೆಲ್ಲಗೆ ಕೆಳಗಿಳಿದ. "ಏನು ಮಾಡೂಣು ಹೇಳ್ರಿ."

ಚೆನ್ನಯ ಹೇಳಿದ್ದು ಕಷ್ಟದ ಕೆಲಸವೇನಲ್ಲ. ಧಾರಾವಿಯಲ್ಲಿ ಹಳೆ ಡ್ರಮ್ಮಿಗೆ ಬರವೇ? ಒಂದು ಕಬ್ಬಿಣದ ಡ್ರಮ್ ತಂದು ಅರ್ಧಕ್ಕೆ ಕತ್ತರಿಸಿದರು. ಅಡ್ಡಕ್ಕೆ ದಪ್ಪ ಕಬ್ಬಿಣದ ಸರಳು ತೂರಿಸಿ, ಮೇಲುಗಡೆ ಒಂದು ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿದರು. ನೇಗಿಲು ಕಟ್ಟಲು ಟ್ರ್ಯಾಕ್ಟರಿನ ಹಿಂದೆ ಎರಡು ತೋಳು, ಮೇಲೊಂದು ಕೊಂಡಿ ಇರುತ್ತದಲ್ಲ, ಅವುಗಳಿಗೆ ಸರಿಯಾಗಿ ಕೂರುವಂತೆ ಅಳತೆ. ಆಮೇಲೆ ಡ್ರಮ್ಮಿನ ತುಂಬ ಕಾಂಕ್ರೀಟು.

"ಮೂವರು ಗಂಡಸರಿಗಿಂತ ಜಾಸ್ತಿ ತೂಗುತ್ತದೆ," ಅಂದ ಚೆನ್ನಯ. "ನಿನ್ನ ಗಾಡಿಗೆ ಇದು ಸಾಕು. ಬೇರೆ ಗಾಡಿಗೆ ಬೇರೆ ಲೆಕ್ಕ. ಕಂಪನಿ ಪುಸ್ತಕ ನೋಡದೆ ಕಣ್ಣಂದಾಜಿನಲ್ಲಿ ಕಟ್ಟಬಾರದು. ಈಗ ಏಳು ದಿನ ನೀರು ಹಾಕಿ. ಅಲ್ಲಿ ತನಕ ಇದನ್ನು ಮುಟ್ಟಬೇಡಿ."

ಏಳು ದಿನ ಅಂದದ್ದು ಕೇಳಿ ಸುಹಾಸ ಕುದಿದುಹೋದ. ಮುಂಬೈಯಲ್ಲೇ ಹುಟ್ಟಿದವನು. ಕನ್ನಡ ತಿಳಿಯುತ್ತದೆ, ಬಾಯಿಗೆ ಮೊದಲು ಬರುವುದು ಹಿಂದಿ. "ಪಾಗಲ್ ಹೈ ಕ್ಯಾ? ಮಳೆ ನಿಮ್ಮ ಡ್ರಮ್ ಒಣಗೋ ತನಕ ವೇಟ್ ಮಾಡ್ತದಾ?"

"ಮಳಿಗೆ ಇನ್ನೂ ಹನ್ನೆರಡು ದಿನ ಐತಿ ಅಂತ ನೀವೇ ಹೇಳಿದ್ರಿ," ಅಂದಳು ಹಸೀನಾ. "ಕೆಲಸ ಐದೇ ದಿನದ್ದು."

ಆ ಏಳು ದಿನ ಯಾರೂ ಸುಮ್ಮನೆ ಕೂರಲಿಲ್ಲ. ಮುಂದಿನ ಟಯರಿಗೆ ಸರಿಯಾಗಿ ಗಾಳಿ ತುಂಬಿಸಿದರು. ಲೋಡರಿನ ಒಂದೊಂದು ಪಿನ್ನಿಗೂ ಗ್ರೀಸ್ ಕುಡಿಸಿದರು. ಎಣ್ಣೆ ಜಿನುಗುತ್ತಿದ್ದ ಪೈಪು ಬದಲಾಯಿತು. ಸ್ಟೇರಿಂಗು ಕೈಗೆ ಹಗುರಾಯಿತು. "ನಾ ಇದು ಮುದಿ ಆಗೇತಿ ಅಂತ ತಿಳಿದಿದ್ದೆ," ಅಂದ ಜಹಾಂಗೀರ. "ಹಸಿದಿತ್ತು ಅಷ್ಟ!"

ಎಂಟನೆಯ ದಿನ ಬೆಳಿಗ್ಗೆ ಡ್ರಮ್ಮು ಹಿಂದೆ ಕೂತಿತು. ಮೂರೂ ಪಿನ್ನುಗಳಿಗೆ ಲಾಕ್ ಬಿತ್ತು. ಗಲ್ಲಿಗೆ ಗಲ್ಲಿಯೇ ನೋಡಲು ನಿಂತಿತ್ತು. ನಾಲಾದ ದಂಡೆಯ ಮೇಲೇ ಮನೆಯಿರುವ ಬಸಲಿಂಗವ್ವ ಎಲ್ಲರಿಗಿಂತ ಮುಂದೆ. ಮಳೆ ಬಂದರೆ ಮೊದಲು ನೀರು ನುಗ್ಗುವುದು ಅವಳ ಅಡುಗೆಮನೆಗೆ.

"ಹಿಂದಕ್ಕ ಸರೀರಿ! ಹಿಂದಕ್ಕ!" ದಾನಿಶ ಸೀಟಿ ಊದುತ್ತ ಮುಂದೆ ಮುಂದೆ ನಡೆದ. ಈಗ ಅವನ ಕೆಲಸ ಅದು. ದಾರಿಯಿಂದ ಮಕ್ಕಳನ್ನು, ಬೈಕುಗಳನ್ನು ಸರಿಸುವುದು.

ಜಹಾಂಗೀರ ಬಕೆಟ್ಟನ್ನು ನೆಲಕ್ಕೆ ಸಮ ಇಳಿಸಿದ. ಸಣ್ಣ ಗೇರಿನಲ್ಲಿ ನೇರವಾಗಿ ಗುಡ್ಡೆಗೆ ಹೋದ. ಗುದ್ದಲಿಲ್ಲ, ತೂರಿಸಿದ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದಾಗ ಎತ್ತಿದ.

ಹಸೀನಾ ಉಸಿರು ಹಿಡಿದು ಹಿಂದಿನ ಗಾಲಿಯನ್ನೇ ನೋಡುತ್ತಿದ್ದಳು. ಗಾಲಿ ಅಲುಗಲಿಲ್ಲ! ನೆಲ ಕಚ್ಚಿ ನಿಂತಿತ್ತು!

"ಹಿಡೀತು ಆಪಾ, ಹಿಡೀತು!" ದಾನಿಶ ಸೀಟಿ ಮರೆತು ಕುಣಿದ.

"ಏ ತಮ್ಮಾ, ಬಕೀಟು ಪೂರ್ತಿ ಯಾಕ ತುಂಬವಲ್ಲಿ?" ಬಸಲಿಂಗವ್ವ ಕೂಗಿದಳು.

"ಹಸಿ ಹೂಳು ಕಲ್ಲಿನಂಗ ತೂಗತೈತಿ ಅವ್ವಾ. ಎರಡು ಸಲ ಹೆಚ್ಚಿಗಿ ಹೋದ್ರೇನು, ಗಾಲಿ ನಮ್ಮ ಮಾತು ಕೇಳ್ತಾವ!"

ಬಕೆಟ್ಟು ನೆಲದಿಂದ ಒಂದು ಗೇಣಷ್ಟೇ ಮೇಲೆ. ಹಾಗೇ ಗಲ್ಲಿಯುದ್ದಕ್ಕೂ ಹೋಯಿತು. ಲಾರಿಯ ಹತ್ತಿರ ಹೋದ ಮೇಲೇ ಎತ್ತರಕ್ಕೆ ಎತ್ತಿ ಸುರಿದ. ಮತ್ತೆ ಬಂದ. ಮತ್ತೆ ಹೋದ. ಮೊದಲು ಒಂದು ಲಾರಿ ತುಂಬಲು ಅರ್ಧ ದಿನ ಬೇಕಿತ್ತು. ಜನ ಹತ್ತಬೇಕು, ಇಳಿಯಬೇಕು, ಗಾಲಿ ಎದ್ದರೆ ಬಕೆಟ್ ಚೆಲ್ಲಿ ಮತ್ತೆ ತುಂಬಬೇಕು. ಈಗ ಊಟದ ಹೊತ್ತಿಗೆ ಎರಡನೆಯ ಲಾರಿಯೂ ಹೊರಟಿತ್ತು! ಬಸಲಿಂಗವ್ವ ಎಲ್ಲರಿಗೂ ಚಹಾ ಕೊಟ್ಟಳು. ಟ್ರ್ಯಾಕ್ಟರಿನ ಬಾನೆಟ್ಟಿಗೆ ಅರಿಶಿನ ಕುಂಕುಮವನ್ನೂ ಹಚ್ಚಿದಳು. ಜಹಾಂಗೀರ ನಕ್ಕ.

ಐದನೆಯ ದಿನಕ್ಕೆ ಉಳಿದದ್ದು ಒಂದೇ. ಬಿದ್ದ ಗೋಡೆಯ ದೊಡ್ಡ ಕಾಂಕ್ರೀಟ್ ಚಪ್ಪಡಿ. ಆಕಾಶ ಕಪ್ಪಾಗಿತ್ತು. ಸುಹಾಸ ಗಡಿಯಾರ ನೋಡುತ್ತ ಬಂದ.

"ಎತ್ತು ಇದನ್ನ. ಡ್ರಮ್ಮಿನ ಮೇಲೆ ಇಬ್ಬರನ್ನ ನಿಲ್ಲಿಸು, ಬಸ್. ಐದು ಮಿನಿಟ್ ಕಾ ಕಾಮ್."

"ಆಗಂಗಿಲ್ಲ," ಅಂದ ಜಹಾಂಗೀರ. "ಒಡೆದು ಒಯ್ತೀನಿ."

"ಒಂದೇ ಸಲ, ಯಾರ್! ನಾನು ಹೇಳ್ತಾ ಇದ್ದೀನಲ್ಲ? ಏ ದಾನಿಶ, ಚಢ್!"

ದಾನಿಶ ಕದಲಲಿಲ್ಲ. ಹಸೀನಾ ಬಾಯಿ ತೆರೆಯುವ ಮೊದಲೇ ಜಹಾಂಗೀರ ಇಂಜಿನ್ ಬಂದ್ ಮಾಡಿದ. ಬಕೆಟ್ಟನ್ನು ನೆಲಕ್ಕಿಳಿಸಿ ಕೆಳಗೆ ಬಂದ.

"ಇವ ನನ್ನ ಹೆಂಡತಿ ತಮ್ಮ. ತೂಕದ ಕಲ್ಲಲ್ಲ. ಇನ್ನೊಮ್ಮೆ ಅವಗ ಹತ್ತು ಅಂದ್ರ ನೀವು ಇಲ್ಲಿಂದ ನಡೀರಿ."

"ಮುಂದಿನ ಗಲ್ಲಿ ಕೆಲಸ ಬೇಡವಾ ನಿನಗೆ?"

"ಬೇಕು. ಹಿಂಗ ಬ್ಯಾಡ."

ಹಸೀನಾ ಗಂಡನ ಮುಖವನ್ನೇ ನೋಡಿದಳು.

ಸುತ್ತಿಗೆ ಬಂತು. ಚಪ್ಪಡಿ ನಾಲ್ಕು ತುಂಡಾಯಿತು. ನಾಲ್ಕು ಸಲ ಹೋಗಿ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಟ್ರ್ಯಾಕ್ಟರ್, ಲೋಡರ್ ಇಟ್ಟುಕೊಂಡ ಅಣ್ಣಂದಿರೇ, ಅವರ ಮನೆಯ ಅಕ್ಕಂದಿರೇ, ನಿಮಗೇ ಹೇಳುವುದು. ಹಳೆ ಗಾಡಿ ಅಂತ ಬೈಯಬೇಡಿ. ಸರಿಯಾಗಿ ನಡೆಸಿದರೆ ಅದು ನಿಮ್ಮ ಮನೆ ನಡೆಸುತ್ತದೆ. ಲೋಡರ್ ಹಚ್ಚುವ ಮೊದಲು ಹಿಂದೆ ತೂಕ ಕಟ್ಟಿ. ಎಷ್ಟು ತೂಕ ಅಂತ ಗಾಡಿಯ ಪುಸ್ತಕ ನೋಡಿ, ಇಲ್ಲವೇ ಬಲ್ಲ ಮೆಕ್ಯಾನಿಕ್‌ನನ್ನು ಕೇಳಿ. ಬಕೆಟ್ ಕಡಿಮೆ ತುಂಬಿ, ತಗ್ಗಿನಲ್ಲಿ ಒಯ್ಯಿರಿ. ಇಳಿಜಾರಿದ್ದರೆ ತುಂಬಿದ ಬಕೆಟ್ ಏರಿನ ಕಡೆಗೇ ಇರಲಿ. ಇಳಿಯುವಾಗ ಹಿಮ್ಮುಖವಾಗಿ ಇಳಿಯಿರಿ. ಬಕೆಟ್ಟಿನ ಕೆಳಗೆ, ಬಕೆಟ್ಟಿನ ಒಳಗೆ, ಗಾಡಿಯ ಹಿಂದೆ ಯಾವ ಮನುಷ್ಯನೂ ಬೇಡ. ಯಾರಾದರೂ ಅವಸರ ಮಾಡಿ "ಒಂದೇ ಸಲ" ಅಂದರೆ ಇಂಜಿನ್ ಬಂದ್ ಮಾಡಿ ಕೆಳಗಿಳಿಯಿರಿ.

ಸುಹಾಸ ಅಂಥ ಅವಸರದವನೇ. ಚಪ್ಪಡಿಗೆ ಮೊದಲ ಸುತ್ತಿಗೆ ಏಟು ಬೀಳುವಾಗಲೇ ಫೋನ್ ಕಿವಿಗಿಟ್ಟುಕೊಂಡು, ಬೈಯುತ್ತ ಗಲ್ಲಿಯಿಂದ ಹೊರಟುಹೋದ. ಯಾರೂ ಅವನನ್ನು ಕರೆಯಲಿಲ್ಲ. ಅವನೂ ತಿರುಗಿ ಬರಲಿಲ್ಲ.